ಮೊರದೊಳಗಿನ ದೇವಿ: ಆಟಕ್ಕೊಬ್ಬ ಫಲದೇವತೆಯನ್ನು ಕಟ್ಟುವ ಬಗೆ

ನನ್ನ ತಂಗಿಯ ಮಗ ಭಾನುವಾರ ಸಂಜೆ ನಾಲ್ಕೈದು ಗೆಳೆಯರನ್ನು ಕಟ್ಟಿಕೊಂಡು ಬಸವನಗುಡಿಯ ಮನೆಯ ಮಹಡಿಯಲ್ಲಿ ದಾಳ ಉರುಳಿಸುತ್ತಾನೆ. ಪಗಡೆಯಲ್ಲ, ಚೌಕಾಬಾರವೂ ಅಲ್ಲ. ಇಪ್ಪತ್ತು ಮುಖದ ದಾಳ. ಒಬ್ಬ ಕಳ್ಳನಾಗುತ್ತಾನೆ, ಒಬ್ಬಳು ಮಾಟಗಾತಿ, ಇನ್ನೊಬ್ಬ ಕತ್ತಿ ಹಿಡಿದ ಬಂಟ. ಆಟ ನಡೆಸುವವನು ನಮ್ಮ ಹುಡುಗ. ಊರು, ಕಾಡು, ರಾಜ, ರಕ್ಕಸ, ದೇವರು ಎಲ್ಲವನ್ನೂ ಅವನೇ ಹುಟ್ಟಿಸಬೇಕು. ಒಂದು ಆಷಾಢದಲ್ಲಿ ಚಾಮರಾಜಪೇಟೆಯ ನಮ್ಮ ಮನೆಗೆ ಬಂದು, "ದೊಡ್ಡಮ್ಮ, ನನಗೊಬ್ಬಳು ಫರ್ಟಿಲಿಟಿ ಗಾಡೆಸ್ ಬೇಕಿತ್ತು" ಅಂದ. ಮಾರ್ಕೆಟ್ಟಿಗೆ ಹೊರಟವರ ಹತ್ತಿರ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹೇಳಿದ ಹಾಗೆ.

ತಾನೇ ಒಬ್ಬಳನ್ನು ಬರೆದುಕೊಂಡೂ ಬಂದಿದ್ದ. ಹೆಸರು, ಹಸಿರು ಸೀರೆ, ತುಂಬು ಹೊಟ್ಟೆ, ಕೈಯಲ್ಲಿ ತೆನೆ. ಬೆಳೆ ಬೆಳೆಸುವ ಶಕ್ತಿ, ಮಕ್ಕಳನ್ನು ಕೊಡುವ ಶಕ್ತಿ. ಬಿಳಿ ಬಟ್ಟೆಯ ಪೂಜಾರಿಣಿಯರ ಒಂದು ಮಠ. ಓದಿದೆ. ಕೃಷಿ ಇಲಾಖೆಯ ಗೋಡೆ ಕ್ಯಾಲೆಂಡರಿನ ಚಿತ್ರದ ಹಾಗಿತ್ತು. "ಎಲ್ಲಾ ಸರಿ ಕಣೋ, ಈಕೆಗೆ ಯಾರು ಏನು ಕೊಡ್ತಾರೆ? ಯಾವತ್ತು ಕೊಡ್ತಾರೆ? ಕೊಡದಿದ್ರೆ ಏನಾಗುತ್ತೆ?" ಎಂದು ಕೇಳಿದರೆ ಹುಡುಗ ತಲೆ ಕೆರೆದುಕೊಂಡ.

ತಪ್ಪು ಅವನೊಬ್ಬನದಲ್ಲ. ಈ ಬಗೆಯ ಆಟದ ಮೂಲಪುರುಷ ಎನ್ನಬಹುದಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಮೆರಿಕದಲ್ಲಿ ಅಚ್ಚಾದದ್ದು 1974ರಲ್ಲಿ. ಅದಕ್ಕೆ 1980ರಲ್ಲಿ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ದೇವರ ಪಟ್ಟಿಯ ಪುಸ್ತಕ ಬಂತು. ನಮ್ಮ ಇಂದ್ರ, ಅಗ್ನಿ, ವರುಣ, ಯಮರೂ ಅದರಲ್ಲಿದ್ದಾರೆ. ಯಾರು ಎಷ್ಟು ಏಟು ತಡೆದುಕೊಳ್ಳುತ್ತಾರೆ ಎಂಬ ಅಂಕಿಯ ಸಮೇತ. ದೇವರೆಂದರೆ ಹೋರಾಡಿ ಗೆಲ್ಲಬಹುದಾದ ಒಂದು ದೊಡ್ಡ ಪ್ರಾಣಿ ಎನ್ನುವ ಲೆಕ್ಕ. ಅದೇ ಕಾಲಕ್ಕೆ ಗ್ರೆಗ್ ಸ್ಟಾಫರ್ಡ್ ಎಂಬಾತ ಗ್ಲೊರಾಂಥ ಎಂಬ ಕಾಲ್ಪನಿಕ ಲೋಕ ಕಟ್ಟುತ್ತ ಬೇರೆ ದಾರಿ ಹಿಡಿದಿದ್ದ. ಆ ಲೋಕದ ದೇವರುಗಳ ಬಗ್ಗೆ 1979ರಲ್ಲಿ ಬಂದ 'ಕಲ್ಟ್ಸ್ ಆಫ್ ಪ್ರಾಕ್ಸ್' ಪುಸ್ತಕ ದೇವರಿಗಿಂತ ಹೆಚ್ಚಾಗಿ ಒಕ್ಕಲಿನವರ ವಿಷಯ ಹೇಳುತ್ತದೆ: ಒಕ್ಕಲಾಗುವುದು ಹೇಗೆ, ಆದವರು ಏನು ಕೊಡಬೇಕು, ಏನು ಪಡೆಯುತ್ತಾರೆ, ಏನನ್ನು ಮುಟ್ಟಬಾರದು. ಹುಡುಗನಿಗೆ ಬೇಕಾಗಿದ್ದದ್ದು ಈ ಎರಡನೆಯ ದಾರಿ. ಅದಕ್ಕೆ ಗ್ಲೊರಾಂಥಕ್ಕೆ ಹೋಗಬೇಕಾಗಿಲ್ಲ, ಭಾದ್ರಪದದಲ್ಲಿ ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಒಂದು ಚೀಲ ಹಿಡಿದು ಹೋದರೆ ಸಾಕು.

ಗೌರಿ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಅಲ್ಲಿ ಫುಟ್‌ಪಾತಿನ ತುಂಬ ಮೊರ ಒಟ್ಟಿರುತ್ತಾರೆ. ಮೇದರು ಬಿದಿರು ಸೀಳಿ ಹೆಣೆದ ಮೊರ. (ಕಾಡು ಮಲ್ಲೇಶ್ವರನಿಗೆ ಶಿವಾಜಿಯ ತಮ್ಮ ಏಕೋಜಿ ದತ್ತಿ ಬಿಟ್ಟ 1669ರ ಶಾಸನದಲ್ಲಿ ಬರುವ ಊರಿನ ಹೆಸರು ಮೇದರನಿಂಗನಹಳ್ಳಿ. ಮಲ್ಲೇಶ್ವರದಲ್ಲಿ ಮೊರ ಕೊಳ್ಳುವಾಗೆಲ್ಲ ನನಗೆ ಆ ಹೆಸರು ನೆನಪಾಗುತ್ತದೆ, ಸುಮ್ಮನೆ.) ಈ ಮೊರವೇ ನಮ್ಮ ಕಡೆಯ ಫಲದೇವತೆಯ ಯಂತ್ರ. ಅದು ಕೆಲಸ ಮಾಡುವ ಬಗೆ ತಿಳಿದರೆ ಉಳಿದದ್ದೆಲ್ಲ ತಿಳಿದ ಹಾಗೆ.

ಮೊದಲು ಎರಡು ಮೊರ ಬೇಕು, ಒಂದು ತುಂಬುವುದಕ್ಕೆ, ಒಂದು ಮುಚ್ಚುವುದಕ್ಕೆ. ತೊಳೆದು ಅರಿಸಿನ ಬಳಿದು ಒಣಗಿಸಿ ಕುಂಕುಮದ ಬೊಟ್ಟಿಡಬೇಕು. ಒಳಗೆ ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ, ಒಂದೊಂದು ಪೊಟ್ಟಣ. ಬೆಲ್ಲದ ಅಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಹಣ್ಣು. ರವಿಕೆ ಕಣ. ಅರಿಸಿನ, ಕುಂಕುಮ, ಗಾಜಿನ ಬಳೆ, ಬಳೆ ಬಿಚ್ಚೋಲೆ, ಕಾಡಿಗೆ, ಕನ್ನಡಿ, ಬಾಚಣಿಗೆ. ಮೇಲೆ ದಕ್ಷಿಣೆ. ಈಗ ಇದರಲ್ಲಿ ಅರ್ಧ ಸಾಮಾನು ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಸೆಟ್ ಆಗಿ ಸಿಗುತ್ತದೆ. ಆ ಕನ್ನಡಿಯಲ್ಲಿ ಒಂದು ಸಲಕ್ಕೆ ಒಂದೇ ಕಣ್ಣು ಕಾಣುತ್ತದೆ, ಆ ಬಾಚಣಿಗೆ ಗೊಂಬೆಯ ತಲೆಗೂ ಸಾಲದು. ಆದರೂ ಬಿಡುವ ಹಾಗಿಲ್ಲ. ಪಟ್ಟಿಯನ್ನು ಸುಮ್ಮನೆ ನೋಡಿ: ಒಂದು ಸಂಸಾರ ಶುರು ಮಾಡಲು ಏನೇನು ಬೇಕೋ ಅಷ್ಟೂ ಕಿರಿದಾಗಿ ಅದರಲ್ಲಿದೆ. ಉಣ್ಣಲು, ಉಡಲು, ಸಿಂಗರಿಸಿಕೊಳ್ಳಲು. ಅದನ್ನು ಇಡುವುದು ಕಾಳನ್ನೂ ಜೊಳ್ಳನ್ನೂ ಬೇರೆ ಮಾಡುವ ಮೊರದಲ್ಲಿ. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದೂ ಎಷ್ಟೋ ಮನೆಗಳಲ್ಲಿ ಮೊರದಲ್ಲೇ. ಕೂಸೂ ಕಾಳೂ ಒಂದೇ ಪಾತ್ರೆಯಲ್ಲಿ ಬರುತ್ತವೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊರವೇ ಹೇಳುತ್ತದೆ.

ಭಾದ್ರಪದ ಶುದ್ಧ ತದಿಗೆಯ ದಿನ ಗೌರಿಯನ್ನು ಕೂರಿಸಿ ಪೂಜೆ ಮಾಡಿ, ಹದಿನಾರು ಗಂಟಿನ ದಾರವನ್ನು ಬಲಗೈಗೆ ಕಟ್ಟಿಸಿಕೊಂಡ ಮೇಲೆ ಬಾಗಿನ. ಮೊದಲನೆಯದು ದೇವಿಗೆ. ಆಮೇಲೆ ತಾಯಿಗೆ, ಅತ್ತಿಗೆಗೆ, ನೆರೆಯ ಮುತ್ತೈದೆಯರಿಗೆ. ಎಷ್ಟು ಜೊತೆ ಎನ್ನುವುದು ಮನೆಯಿಂದ ಮನೆಗೆ ಬೇರೆ. ಕೊಡುವವಳು ತನ್ನ ಸೆರಗನ್ನು ಮೊರದ ಮೇಲೆ ಹೊದಿಸಿ ಹಿಡಿಯುತ್ತಾಳೆ, ತೆಗೆದುಕೊಳ್ಳುವವಳು ತನ್ನ ಸೆರಗಿನಲ್ಲಿ ಹಿಡಿದುಕೊಳ್ಳುತ್ತಾಳೆ. ಒಂದೆರಡು ಗಳಿಗೆ ಇಬ್ಬರ ಕೈಯೂ ಮೊರದ ಮೇಲಿರುತ್ತದೆ. ಆ ಗಳಿಗೆಯಲ್ಲಿ ಎದುರಿಗಿರುವವಳು ಪಕ್ಕದ ಮನೆಯ ಸಾವಿತ್ರಮ್ಮನಲ್ಲ, ಗೌರಿ. ಸ್ವಲ್ಪ ಹೊತ್ತಿಗೆ ಅವಳು ತನ್ನ ಮೊರ ತರುತ್ತಾಳೆ, ಆಗ ನೀವು ಗೌರಿ. ಪೂಜಾರಿಣಿಯರ ಮಠ ಎಲ್ಲೂ ಇಲ್ಲ. ಸರದಿಯ ಮೇಲೆ ಎಲ್ಲರೂ ದೇವಿ, ಎಲ್ಲರೂ ಒಕ್ಕಲು. ಹುಡುಗನಿಗೆ ನಾನು ಬರೆಸಿದ ಮೊದಲ ನಿಯಮ ಇದು: ನಿನ್ನ ದೇವಿ ಗುಡಿಯಲ್ಲಿ ಇರುವುದು ಬೇಡ, ಕೈ ಬದಲಾಗುವಾಗ ಇರಲಿ. ಪಡೆದವರು ಕೊಡಬೇಕು. ಕೊಡುವವರೆಗೆ ಅವರ ಮನೆಯಲ್ಲಿರುವುದು ಸಾಲ.

ಸಾಲ ಎನ್ನುವುದು ಕಟುವಾಯಿತೇನೋ. ಆದರೆ ನಮ್ಮ ಮನೆಗಳಲ್ಲಿ ಪಕ್ಕದವರು ಪಾಯಸ ಕಳಿಸಿದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಿದವರು ಯಾರಿದ್ದಾರೆ? ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ತವರಿಂದ ಹೊರಟ ಮಗಳಿಗೆ ಮಡಿಲು ತುಂಬುವುದೂ ಇದೇ ಲೆಕ್ಕ. ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ಅಕ್ಕಿ, ಕಾಯಿ, ಕಣ ಸೆರಗಿಗೆ ಬೀಳುತ್ತವೆ. ತುಂಬಿದ ಮಡಿಲು ಮುಂದೆ ಕೂಸಿನಿಂದ ತುಂಬಲಿ ಎನ್ನುವ ಆಸೆ. ದೇವಿಗೂ ಹೀಗೆಯೇ ಮಡಿಲು ತುಂಬುತ್ತೇವೆ. ಕೊಡುವವಳಿಗೇ ಕೊಡುವುದು ಯಾಕೆ ಎಂದರೆ, ಅವಳದ್ದೂ ಖಾಲಿಯಾಗುತ್ತದೆ ಎಂಬ ಅಂಜಿಕೆಯಿಂದ. ಬಡ ಬಾಣಂತಿಯರಿಗೆ ಸಾಮಾನಿನ ಕಿಟ್ ಹಂಚುವ ಯೋಜನೆಗೆ ಕರ್ನಾಟಕ ಸರ್ಕಾರ 'ಮಡಿಲು' ಎಂದು ಹೆಸರಿಟ್ಟಿತ್ತು. ಆ ಹೆಸರು ಸೂಚಿಸಿದ ಗುಮಾಸ್ತೆ ಯಾರೋ, ಅವರ ಮನೆಯಲ್ಲಿ ಒಳ್ಳೆಯ ಅಜ್ಜಿ ಇದ್ದಿರಬೇಕು.

ಸರ್ಕಾರದ ಮಾತು ಬಂತಲ್ಲ, ಕೃಷ್ಣರಾಜಸಾಗರವನ್ನು ನೋಡಿ. ನೀರು 124.80 ಅಡಿ ಮುಟ್ಟಿ ಅಣೆಕಟ್ಟು ತುಂಬಿದ ವರ್ಷ, ಯಾವ ಪಕ್ಷದವರೇ ಆಗಲಿ, ಮುಖ್ಯಮಂತ್ರಿಗಳು ಹೋಗಿ ಕಾವೇರಿಗೆ ಬಾಗಿನ ಬಿಡುತ್ತಾರೆ. ಅದೇ ಮೊರ, ಅದೇ ಅರಿಸಿನ, ಅದೇ ಬಳೆ. ತುಂಬಿದ ಹೊಳೆ ತುಂಬು ಬಸುರಿ. ಅವಳಿಗೆ ಬಾಗಿನ ಸಲ್ಲಬೇಕು. ಎಂಜಿನಿಯರುಗಳು, ಪೊಲೀಸರು, ಟಿವಿ ಕ್ಯಾಮೆರಾಗಳ ನಡುವೆ ಸರ್ಕಾರದ ಮುಖ್ಯಸ್ಥರು ನೀರಿಗೆ ಮೊರ ಬಿಡುವುದಕ್ಕಿಂತ ದೊಡ್ಡ ಫಲಪೂಜೆ ಯಾವ ಕಾಲ್ಪನಿಕ ರಾಜ್ಯದಲ್ಲಿದೆ? "ನಿನ್ನ ಆಟದ ರಾಜ ಏನು ಮಾಡ್ತಾನೋ?" ಎಂದೆ. "ಯುದ್ಧ" ಎಂದ. ಮೊರ ಹೊರಲಿ ಅವನೂ ಎಂದು ಬರೆಸಿದೆ.

ಎರಡನೆಯ ವಿಷಯ ತಿಥಿ. ಆಟಗಳಲ್ಲಿ ದೇವಿ ವರ್ಷವಿಡೀ ಗುಡಿಯಲ್ಲಿ ಸಿಗುತ್ತಾಳೆ, ಔಷಧದಂಗಡಿಯ ಹಾಗೆ. ನಮ್ಮ ಗೌರಿ ಬರುತ್ತಾಳೆ, ಹೋಗುತ್ತಾಳೆ. ಭೂಮಿ ಅವಳ ತವರು. ತದಿಗೆಗೆ ತವರಿಗೆ ಬಂದವಳನ್ನು ಕರೆದುಕೊಂಡು ಹೋಗಲು ಚೌತಿಗೆ ಮಗ ಬರುತ್ತಾನೆ. ಇಬ್ಬರನ್ನೂ ಒಟ್ಟಿಗೆ ನೀರಿಗೆ ಬಿಡುತ್ತೇವೆ, ಯಡಿಯೂರು ಕೆರೆಯ ಬಳಿಯೋ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಪಕ್ಕದ ಕಲ್ಯಾಣಿಯಲ್ಲೋ. ಕೆರೆಯ ಮಣ್ಣು ಮೂರ್ತಿಯಾಗಿ ಬಂದು ಮತ್ತೆ ಕೆಸರಾಗುತ್ತದೆ. ತವರಿನ ನೆಂಟಸ್ತಿಕೆಯಿಂದಾಗಿ ದೇವಿಯ ಜೊತೆಗಿನ ಮಾತಿನ ಧಾಟಿಯೇ ಬೇರೆ. ವರ ಕೊಡು ಎಂದು ಅಡ್ಡ ಬೀಳುವುದಕ್ಕಿಂತ, ಬಂದ ಮಗಳಿಗೆ ಉಣಿಸಿ ಉಡಿಸಿ ಕಳಿಸುವ ಉಪಚಾರವೇ ಹೆಚ್ಚು.

ಇದೇ ಭಾದ್ರಪದದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೊಬ್ಬ ಬರುತ್ತಾನೆ, ಜೋಕುಮಾರ. ಅಷ್ಟಮಿಯ ಹೊತ್ತಿಗೆ ಹುಟ್ಟಿ ಹುಣ್ಣಿಮೆಯ ಹೊತ್ತಿಗೆ ಸಾಯುವ ಪೋಕರಿ ದೇವರು. ಮಣ್ಣಿನ ಮೂರ್ತಿ, ಅಗಲವಾದ ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಡುತ್ತ ಮನೆಮನೆಗೆ ತರುತ್ತಾರೆ. ಕಂಡ ಹೆಣ್ಣುಗಳ ಬೆನ್ನು ಹತ್ತಿ ಕೊನೆಗೆ ಹೊಡೆತ ತಿಂದು ಸಾಯುತ್ತಾನೆ ಎಂದು ಕಥೆ. ಮಕ್ಕಳಿಲ್ಲದವರು ಅವನಿಗೆ ಹರಕೆ ಹೊರುತ್ತಾರೆ, ರೈತರು ಅವನ ಪ್ರಸಾದವನ್ನು ಹೊಲಕ್ಕೆ ಚೆಲ್ಲುತ್ತಾರೆ. ಚಂದ್ರಶೇಖರ ಕಂಬಾರರು 'ಜೋಕುಮಾರಸ್ವಾಮಿ' ನಾಟಕ ಕಟ್ಟಿದ್ದು ಇವನ ಮೇಲೆಯೇ. ನನಗೆ ಇಷ್ಟವಾಗುವುದು ಅವನ ಕಥೆಯ ಒಂದು ತುಣುಕು. ಗಣಪ ಭೂಮಿಗೆ ಬಂದು ಕಡುಬು ತಿಂದು ಹೋಗಿ, ಎಲ್ಲಾ ಚೆನ್ನಾಗಿದ್ದಾರೆ ಎಂದು ವರದಿ ಒಪ್ಪಿಸುತ್ತಾನಂತೆ. ಜೋಕುಮಾರ ಓಣಿ ಓಣಿ ಸುತ್ತಿ, ಮಳೆಯಿಲ್ಲ, ಜನ ಕಷ್ಟದಲ್ಲಿದ್ದಾರೆ ಎಂದು ನಿಜ ಹೇಳುತ್ತಾನಂತೆ. ಮಳೆ ಬರುವುದು ಅವನ ವರದಿಯಿಂದ. ಸಭ್ಯ ದೇವರು ಸುಳ್ಳು ವರದಿ, ಪೋಲಿ ದೇವರು ನಿಜ ವರದಿ. ಆಟಕ್ಕೆ ಇದಕ್ಕಿಂತ ಒಳ್ಳೆಯ ಎಳೆ ಬೇಕೇ? ಹುಡುಗ ಇದನ್ನು ಕೇಳಿದಾಗಲೇ ಮೊದಲ ಸಲ ತಾನಾಗಿ ಪೆನ್ನು ತೆಗೆದದ್ದು.

ನಿಷೇಧವೂ ಇರಬೇಕು, ಅದೂ ದೇವಿಯ ಮೈಯಿಂದಲೇ ಹುಟ್ಟಿದ್ದು. ತುಳುನಾಡಿನ ಕೆಡ್ಡಸ ಇದಕ್ಕೆ ಒಳ್ಳೆಯ ಉದಾಹರಣೆ. ಫೆಬ್ರವರಿಯ ಎರಡನೇ ವಾರದ ಹೊತ್ತಿಗೆ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಯಾರೂ ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಗೆ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ, ಸೀಗೆಪುಡಿ, ಅರಿಸಿನ ಕುಂಕುಮ ಕೊಟ್ಟು ಅವಳಿಗೆ ಸ್ನಾನ ಮಾಡಿಸುತ್ತಾರೆ. ಮಲೆನಾಡಿಗೆ ಬಂದರೆ ಆಶ್ವಯುಜದ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ಭೂಮಿ ಬಸುರಿ, ಬಸುರಿಗೆ ಬಯಕೆ. ಹಿಂದಿನ ರಾತ್ರಿಯೆಲ್ಲ ಅಡಿಗೆ ಮಾಡಿ, ಬಗೆಬಗೆಯ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಬೆಳಗಿನ ಜಾವಕ್ಕೆ ಗದ್ದೆಗೆ ಹೋಗಿ ಬಡಿಸುತ್ತಾರೆ. ಮುಟ್ಟು, ಬಸುರು, ಬಯಕೆ ಎಲ್ಲವೂ ತಿಂಗಳ ಲೆಕ್ಕದಲ್ಲಿ ಕೂತಿವೆ. ಯಾವ ದಿನ ನೆಲಕ್ಕೆ ಗುದ್ದಲಿ ಹಾಕಬಾರದು ಎಂದು ತಿಳಿಯದೆ ಬಂದ ಪರದೇಶಿ ವೀರನೊಬ್ಬ ಹೆಣ ಹೂಳಲು ಗುಂಡಿ ತೋಡಿದರೆ? ಮಾಟ ಮಂತ್ರ ಇಲ್ಲದೆಯೇ ಊರೆಲ್ಲ ಅವನ ಮೇಲೆ ಬೀಳುತ್ತದೆ.

ಬೆಂಗಳೂರಲ್ಲಿ ಗದ್ದೆ ಎಲ್ಲಿದೆ ಎಂದು ಹುಡುಗ ಕೇಳಿದ್ದು ನ್ಯಾಯವೇ. ಬಸವನಗುಡಿಯೇ ಸುಂಕೇನಹಳ್ಳಿ ಎಂಬ ಊರಾಗಿತ್ತು. ಕಾರ್ತಿಕದ ಕಡೆಯ ಸೋಮವಾರ ಸುತ್ತಲಿನ ರೈತರು ದೊಡ್ಡ ಬಸವನಿಗೆ ಮೊದಲ ಕಡಲೆಕಾಯಿ ತಂದದ್ದೇ ಇಂದಿನ ಪರಿಷೆ. ಹೊಲ ಹೋಯಿತು, ಹರಕೆ ಉಳಿಯಿತು. ಕರಗದ್ದೂ ಅದೇ ಕಥೆ. ಹಳೇ ಪೇಟೆಯ ಧರ್ಮರಾಯನ ಗುಡಿಯ ಒಕ್ಕಲಾದ ತಿಗಳರು ಹೂವು ತರಕಾರಿ ಬೆಳೆದು ಬೆಂಗಳೂರನ್ನು ಸಾಕಿದವರು. ಅವರಿಗೆ ಬೇಕಾದದ್ದು ಕೆರೆ. ಅವರ ಆದಿಶಕ್ತಿ ದ್ರೌಪದಿ ಚೈತ್ರದಲ್ಲಿ ಹಸಿ ಕರಗವಾಗಿ ಎದ್ದು ಬರುವುದು ಸಂಪಂಗಿ ಕೆರೆಯಿಂದ. ಆ ಕೆರೆ ಈಗ ಕಂಠೀರವ ಕ್ರೀಡಾಂಗಣ. ಮೂಲೆಯಲ್ಲಿ ಕರಗಕ್ಕೆಂದೇ ಒಂದು ಪುಟ್ಟ ಕೊಳ ಉಳಿಸಿದ್ದಾರೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರುವ ಅರ್ಚಕ ಹೆಣ್ಣಿನ ಉಡುಪುಟ್ಟು ಬಳೆ ತೊಟ್ಟಿರುತ್ತಾನೆ. ಹೆಂಡತಿಯ ತಾಳಿ ಅವನ ಕೊರಳಲ್ಲಿ. ಹಬ್ಬ ಮುಗಿಯುವವರೆಗೆ ಆಕೆ ಅವನ ಕಣ್ಣಿಗೆ ಬೀಳುವಂತಿಲ್ಲ. ಸುತ್ತ ಬಿಚ್ಚುಗತ್ತಿಯ ವೀರಕುಮಾರರು. ಮಲ್ಲಿಗೆಯಲ್ಲಿ ಮುಳುಗಿದ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾದಲ್ಲೂ ನಿಂತು ಹೋಗುತ್ತದೆ. ಕರಗದೊಳಗೆ ಏನಿದೆ ಎನ್ನುವುದು ಹೊರಗಿನವರಿಗೆ ಗುಟ್ಟು. ಗುಟ್ಟು ಕಾಯ್ದುಕೊಳ್ಳಬೇಕಾದ್ದೇ. ಹುಡುಗನಿಗೂ ಹೇಳಿದೆ, ನಿನ್ನ ದೇವಿಯ ಬಗ್ಗೆ ನಿನಗೇ ಗೊತ್ತಿಲ್ಲದ ಒಂದು ವಿಷಯ ಇಟ್ಟುಕೋ, ದಾಳ ಕೇಳಿದರೂ ಹೇಳಬೇಡ.

ಅವಳು ಮುನಿಯುವವಳೂ ಆಗಿರಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಕಿಕ್ಕಿರಿದ ಪೇಟೆ ಬಿಟ್ಟು ಓಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡದ್ದರಲ್ಲಿ ಆ ಭಯದ ಪಾಲಿದೆ. ಜೊತೆಗೆ ಪ್ಲೇಗಮ್ಮನೂ ಹುಟ್ಟಿದಳು, ತ್ಯಾಗರಾಜನಗರದಲ್ಲಿ ಅವಳಿಗೆ ಗುಡಿಯೂ ಇದೆ. ಕೂಸು ಕೊಡುವವಳೂ ಕೂಸನ್ನು ಒಯ್ಯುವವಳೂ ನಮ್ಮ ಲೆಕ್ಕದಲ್ಲಿ ದೂರದ ನೆಂಟರೇನಲ್ಲ. ಇಬ್ಬರಿಗೂ ಮಡಿಲಕ್ಕಿ ಒಂದೇ.

ಇನ್ನು ರೂಪ. ಹುಡುಗನ ತುಂಬು ಹೊಟ್ಟೆಯ ಹಸಿರು ಸೀರೆಯವಳನ್ನು ಅಳಿಸಲೇಬೇಕಾಯಿತು. ಚಿತ್ರ ಬೇಕೇ ಬೇಕು ಎಂದರೆ ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಚಾಲುಕ್ಯರ ಕಾಲದ ಲಜ್ಜಾಗೌರಿಯನ್ನು ನೋಡಲಿ. ಮಹಾಕೂಟದ ಹತ್ತಿರದ ನಾಗನಾಥಕೊಳ್ಳದಲ್ಲಿ ಸಿಕ್ಕ ಕಲ್ಲು. ಹೆರುವ ಭಂಗಿಯಲ್ಲಿ ಕಾಲು ಅಗಲಿಸಿ ಕೂತ ಹೆಣ್ಣು, ಕೊರಳ ಮೇಲೆ ತಲೆಯ ಜಾಗದಲ್ಲಿ ತಾವರೆ. ಅಂಜಿಕೆಯೂ ಇಲ್ಲ, ಅಶ್ಲೀಲವೂ ಇಲ್ಲ. ಮುಖವೇ ಇಲ್ಲದ್ದರಿಂದ ಅವಳು ಯಾರನ್ನೂ ನೋಡುವುದಿಲ್ಲ, ಯಾರ ನೋಟಕ್ಕೂ ಕಾಯುವುದಿಲ್ಲ. ಉಳಿದಂತೆ ನಮ್ಮ ಮನೆಗಳಲ್ಲಿ ಒಂದು ಮುಷ್ಟಿ ಅರಿಸಿನ ಕಲಸಿ ಗೋಪುರದ ಹಾಗೆ ಎತ್ತಿದರೆ ಅರಿಸಿನದ ಗೌರಿ ಆಯಿತು. ಕಾಡು ಮಲ್ಲೇಶ್ವರದ ಅಶ್ವತ್ಥಕಟ್ಟೆಯ ನಾಗರಕಲ್ಲುಗಳಲ್ಲಿ ಹೆಣೆದುಕೊಂಡ ಜೋಡಿ ಹಾವು ಸಾಕು. ಮಕ್ಕಳಾಗಲೆಂದು ಹರಸಿಕೊಂಡವರು ಅಂಥ ಕಲ್ಲನ್ನು ಕಡೆಸಿ, ಹಿಂದೆ ತಿಂಗಳುಗಟ್ಟಲೆ ಬಾವಿಯ ನೀರಿನಲ್ಲಿಟ್ಟು, ಜೀವ ಬಂತು ಎಂದಾದ ಮೇಲೆ ಮರದಡಿ ನಿಲ್ಲಿಸುತ್ತಿದ್ದರು. ಕಲ್ಲಿಗೂ ಬಸುರಿನ ಗಡುವು.

ಒಂದು ಮಾತನ್ನು ಬಿಟ್ಟುಬಿಡಬಹುದಿತ್ತು, ಬಿಡಲಾಗಲಿಲ್ಲ. ನನ್ನ ಸೋದರತ್ತೆ ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಮಕ್ಕಳಿರಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ನಮ್ಮ ಮನೆಯ ಹನ್ನೆರಡು ಜೊತೆ ಮೊರ ತೊಳೆದು ಒಣಗಿಸುತ್ತಿದ್ದವರು, ಬೇಳೆ ಅಳೆದು ಪೊಟ್ಟಣ ಕಟ್ಟುತ್ತಿದ್ದವರು ಅವರೇ. ಯಾವುದರ ಮೇಲೆ ಯಾವುದು ಎನ್ನುವ ಕ್ರಮ ಮನೆಯಲ್ಲಿ ಅವರೊಬ್ಬರಿಗೇ ಸರಿಯಾಗಿ ಗೊತ್ತು. ಬೆಳಿಗ್ಗೆ ಮುತ್ತೈದೆಯರು ಬರುವ ಹೊತ್ತಿಗೆ ಒಳಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಯಾರೂ ಹೋಗಿ ಎಂದು ಹೇಳುತ್ತಿರಲಿಲ್ಲ, ಯಾರೂ ಬನ್ನಿ ಎಂದೂ ಹೇಳುತ್ತಿರಲಿಲ್ಲ. ನಾನು ಬಾಗಿನ ಕೊಡುವ ವಯಸ್ಸಿಗೆ ಬಂದ ಮೇಲೂ ಅವರಿಗೆ ಕೊಡಲಿಲ್ಲ. ಧೈರ್ಯ ಬರುವ ಹೊತ್ತಿಗೆ ಅವರು ಇರಲಿಲ್ಲ. ಈಗ ಕೆಲವು ಮನೆಗಳಲ್ಲಿ ಎಲ್ಲ ಹೆಂಗಸರಿಗೂ ಬಾಗಿನ ಕೊಡುತ್ತಾರೆ, ಹಲವು ಮನೆಗಳಲ್ಲಿ ಇನ್ನೂ ಇಲ್ಲ. ಫಲವನ್ನೇ ದೇವರು ಮಾಡಿಕೊಂಡ ಒಕ್ಕಲು ಫಲವಿಲ್ಲದವರನ್ನು ಏನು ಮಾಡುತ್ತದೆ ಎನ್ನುವುದು ಆ ಧರ್ಮದ ಒಳಗೇ ಇರುವ ಪ್ರಶ್ನೆ. ಅದನ್ನು ಬಿಟ್ಟು ಕಟ್ಟಿದ ದೇವಿ ಮತ್ತೆ ಕ್ಯಾಲೆಂಡರಿನ ಚಿತ್ರವೇ. ಹುಡುಗ ಇದಕ್ಕೆ ಏನೂ ಹೇಳಲಿಲ್ಲ. ಕಾಫಿ ಕುಡಿದು ಹೊರಟ.

ಆಟ ಶ್ರಾವಣದಲ್ಲಿ ಶುರುವಾಯಿತು. ಊರಿನ ಹೆಂಗಸೊಬ್ಬಳು ಬಾಗಿಲಿಗೆ ಬಂದ ವೀರರಿಗೆಲ್ಲ ಮುಚ್ಚಿದ ಮೊರ ಕೊಟ್ಟಳಂತೆ. ಬಂಟ ಬೇಡವೆಂದ. ಮಾಟಗಾತಿ ಅನುಮಾನಪಟ್ಟಳು. ಕಳ್ಳ ಮಾತ್ರ ಬಾಚಿ ತೆಗೆದುಕೊಂಡು, ಅಲ್ಲೇ ಕೂತು ಬೆಲ್ಲ ತಿಂದು, ಬಳೆ ಮಾರಿಬಿಟ್ಟ. ಹುಣ್ಣಿಮೆಯೊಳಗೆ ಅವನು ತುಂಬಿದ ಮೊರ ಹಿಂದಿರುಗಿಸದಿದ್ದರೆ ಊರಿನ ಬಿತ್ತನೆಯೆಲ್ಲ ಜೊಳ್ಳು ಎಂದು ಆಮೇಲೆ ಗೊತ್ತಾಯಿತು. ಮೂರು ಭಾನುವಾರ ಅವನು ಕತ್ತಿ ಬಿಟ್ಟು ಕಡಲೆಬೇಳೆ ಹುಡುಕಿದ್ದಾನೆ. ಒಳಗೆ ಏನೇನು, ಯಾವ ಕ್ರಮದಲ್ಲಿ ಇಡಬೇಕು ಎಂದು ಊರಲ್ಲಿ ಕೇಳಿದರೆ, ಕೊಡುವವರು ಯಾರಿಗೂ ತಿಳಿಯದು. ತಿಳಿದಿರುವುದು ಹಿಂದಿನ ಕೋಣೆಯ ಒಬ್ಬ ಮುದುಕಿಗೆ, ಊರು ಹೆಸರು ಹಿಡಿದು ಕರೆಯದವಳಿಗೆ. ಹೋದ ವಾರ ಪರೀಕ್ಷೆ ಎಂದು ಆಟ ಅಲ್ಲಿಗೇ ನಿಂತಿದೆ. ಕಳ್ಳ ಆ ಕೋಣೆಯ ಹೊಸ್ತಿಲಲ್ಲಿದ್ದಾನೆ, ಮೊರದಲ್ಲಿ ಇನ್ನೂ ಅಕ್ಕಿಯೊಂದೇ ಇದೆ.